ಕ್ಯಾಮೆರಾ ಒಂದೇ, ನೋಡುವ ಕಣ್ಣು ಬೇರೆ

ಮಲದಲ್ಲಿ ರಕ್ತ ಕಂಡರೆ "ಉಷ್ಣ ಆಗಿದೆ, ಮೂಲವ್ಯಾಧಿ ಇರಬೇಕು" ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವುದು ನಮ್ಮ ಹೆಂಗಸರ ವಾಡಿಕೆ. ಎಷ್ಟೋ ಸಲ ಅದು ಮೂಲವ್ಯಾಧಿಯೇ ಆಗಿರುತ್ತೆ. ಆದರೆ ರಕ್ತ ಮತ್ತೆ ಮತ್ತೆ ಬಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲವಿಸರ್ಜನೆಯ ಕ್ರಮ ಬದಲಾದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಬೇಕು. ಅವರು ಕೊಲೊನೋಸ್ಕೋಪಿ ಮಾಡಿಸಿ ಎನ್ನಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೋದರಿಯರು ಅದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಒಂದು ವಿಷಯ ತಿಳಿದಿರುವುದು ಒಳ್ಳೆಯದು.

ಏನಿದು ಪಾಲಿಪ್?

ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟೇ ಪಾಲಿಪ್. ಹೆಚ್ಚಿನವು ನಿರುಪದ್ರವಿ. ಅಡಿನೋಮ ಎಂಬ ಜಾತಿಯ ಕೆಲವು ಮಾತ್ರ ವರ್ಷಗಳು ಕಳೆದ ಮೇಲೆ ಕ್ಯಾನ್ಸರ್ ಆಗಬಲ್ಲವು. ಗುದದ್ವಾರದಿಂದ ಕ್ಯಾಮೆರಾ ಇರುವ ಬಳುಕುವ ಕೊಳವೆ ತೂರಿಸಿ ನೋಡುವಾಗ ಗಂಟು ಕಂಡರೆ, ಸಾಮಾನ್ಯವಾಗಿ ಆಗಲೇ ತಂತಿಯ ಕುಣಿಕೆ ಹಾಕಿ ತೆಗೆದುಬಿಡುತ್ತಾರೆ.

ಕಾಣದೆ ಹೋದರೆ?

ಮೊರದಲ್ಲಿ ಅಕ್ಕಿ ಆರಿಸುವುದನ್ನು ನೆನೆಯಿರಿ. ನಿಧಾನವಾಗಿ ಕೈಯಾಡಿಸುವವಳಿಗೆ ಕಲ್ಲು ಮೊರದಲ್ಲೇ ಸಿಗುತ್ತೆ. ಅವಸರದವಳಿಗೆ ಅನ್ನದಲ್ಲಿ ಸಿಗುತ್ತೆ. ಕರುಳೂ ಮಡಿಕೆ ಮಡಿಕೆಯಾಗಿದೆ. ಚಪ್ಪಟೆ ಗಂಟುಗಳು ಮಡಿಕೆಯ ಹಿಂದೆ ಅಡಗಿರುತ್ತವೆ. ಅಮೆರಿಕದ 12 ವೈದ್ಯರ ಕೆಲಸ ಗಮನಿಸಿದ 2006ರ ಅಧ್ಯಯನದಲ್ಲಿ, ಕೊಳವೆ ಹಿಂದಕ್ಕೆಳೆಯುತ್ತಾ ನೋಡಲು ಸರಾಸರಿ 6 ನಿಮಿಷವೋ ಹೆಚ್ಚೋ ತೆಗೆದುಕೊಂಡವರು 100 ಜನರಲ್ಲಿ 28 ಮಂದಿಗೆ ಇಂಥ ಗಂಟು ಕಂಡರು. ಬೇಗ ಮುಗಿಸಿದವರು 12 ಮಂದಿಗೆ ಮಾತ್ರ. 2014ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ 136 ವೈದ್ಯರ ಲೆಕ್ಕದಲ್ಲಿ ಈ ಅಂತರ 7ರಿಂದ 53ರವರೆಗೂ ಇತ್ತು. ಹೆಚ್ಚು ಕಂಡುಹಿಡಿಯುವ ವೈದ್ಯರು ನೋಡಿದವರಿಗೆ ಮುಂದೆ ಕ್ಯಾನ್ಸರ್ ಬಂದದ್ದು ಕಡಿಮೆ. ನಮ್ಮಲ್ಲಿ ಈ ಗಂಟುಗಳು ಅಲ್ಲಿನಷ್ಟು ಸಾಮಾನ್ಯವಲ್ಲ, ನಿಜ. ಆದರೂ ಇದ್ದದ್ದು ತಪ್ಪಿಹೋಗಬಾರದಲ್ಲ!

ನಮ್ಮ ಪಾಲಿನ ಕೆಲಸ

ಕರುಳು ಶುಚಿಯಿಲ್ಲದಿದ್ದರೆ ಎಂಥ ನುರಿತ ಕಣ್ಣಿಗೂ ಕಾಣದು. ಹಿಂದಿನ ದಿನ ರಾಗಿ ಮುದ್ದೆ, ಸೊಪ್ಪು, ಕಾಳು, ಬೀಜದ ಹಣ್ಣು ಬೇಡ. ಭೇದಿಯ ಔಷಧಿಯನ್ನು ಹೇಳಿದ ಹೊತ್ತಿಗೆ, ಹೇಳಿದಷ್ಟೂ ಕುಡಿಯಿರಿ. "ಸಾಕು" ಎಂದು ಅರ್ಧಕ್ಕೆ ಬಿಡಬೇಡಿ. ಕಬ್ಬಿಣಾಂಶದ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.

ಪರೀಕ್ಷೆಯಾದ ಮೇಲೆ ಸಂಕೋಚಪಡದೆ ಮೂರು ಮಾತು ಕೇಳಿ: ದೊಡ್ಡ ಕರುಳಿನ ಕೊನೆವರೆಗೂ ನೋಡಿದಿರಾ? ಕರುಳು ಶುಚಿಯಾಗಿತ್ತೆ? ಹಿಂದಕ್ಕೆ ಬರುವಾಗ ಎಷ್ಟು ನಿಮಿಷ ನೋಡಿದಿರಿ? ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಅವರ ವರದಿಯಲ್ಲೇ ಉತ್ತರ ಇರುತ್ತೆ. ಆ ವರದಿಯನ್ನು ಜೋಪಾನವಾಗಿ ಎತ್ತಿಡಿ.