ಐದು ತಾಲ್ಲೂಕು, ಅರವತ್ತು ಎಲೆ

ಗಂಜೀಫಾ ಎಲೆಯನ್ನು ಮೊದಲ ಸಲ ಕಂಡವರು ಕೇಳುವುದು ಒಂದೇ: ಇದು ಆಡುವ ಎಲೆಯೋ, ದೇವರ ಪಟವೋ? ದುಂಡನೆಯ ಎಲೆ, ಸುತ್ತ ಬಣ್ಣದ ಅಂಚು, ನಡುವೆ ಮತ್ಸ್ಯನೋ ಪರಶುರಾಮನೋ ಕೂತಿರುತ್ತಾನೆ. ಕೈಗೆತ್ತಿಕೊಂಡವರಿಗೆ ಕೆಳಗೆ ಹಾಕಲು ಮನಸ್ಸಾಗುವುದಿಲ್ಲ.

ಆದರೆ ಇದು ಆಟ. ದಶಾವತಾರದ ಕಟ್ಟಿನಲ್ಲಿ 120 ಎಲೆ. ಹತ್ತು ಅವತಾರಕ್ಕೆ ಹತ್ತು ಪಂಗಡ. ಒಂದೊಂದರಲ್ಲಿ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು. ಮೂವರು ಕೂತರೆ ತಲೆಗೆ ನಲವತ್ತು. ತುರುಪು ಇಲ್ಲ. ಹಗಲು ಆಡಿದರೆ ರಾಮನಿಂದ ಆಟ ಶುರು, ರಾತ್ರಿಯಾದರೆ ಕೃಷ್ಣನಿಂದ. ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದೇ ದೊಡ್ಡದು. ಬಿದ್ದ ಎಲೆಗಳನ್ನೆಲ್ಲ ನೆನಪಿಟ್ಟವನೇ ಗೆಲ್ಲುತ್ತಾನೆ.

ಇಂಥ ಎಲೆಗಳನ್ನು ಕೊಟ್ಟೂರಿನ ನೆಂಟರ ಮನೆಯಲ್ಲಿ ಮಕ್ಕಳ ಮುಂದೆ ಹರಡಿದಾಗ ಒಬ್ಬ ಹುಡುಗ ಥಟ್ಟನೆ ಕೇಳಿದ: “ಮಾಮಾ, ಇದರ ಪವರ್ ಎಷ್ಟು? ನಂಬರ್ ಎಲ್ಲೈತಿ?” ಅವನು ಆಡುವ ಕಾರ್ಡುಗಳಲ್ಲಿ ದೈತ್ಯನಿಗೂ ಡ್ರ್ಯಾಗನ್‌ಗೂ ಬಲ ಇಷ್ಟೆಂದು ಅಂಕಿಯಲ್ಲಿ ಅಚ್ಚಾಗಿರುತ್ತದೆ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟ ಈ ಪದ್ಧತಿಯನ್ನು ಜಗತ್ತಿಗೆಲ್ಲ ಹಬ್ಬಿಸಿತು. ಅಲ್ಲಿ ಹೊಸ ಕಟ್ಟು ಬರುವ ಮುನ್ನ ಎಲೆಗಳನ್ನು ಒಂದೊಂದಾಗಿ ತೋರಿಸುತ್ತಾರೆ. ನೋಡಿದವರು ಇದು ನಡೆಯುತ್ತೆ, ಇದು ನಡೆಯಲ್ಲ ಎಂದು ಅಲ್ಲೇ ತೀರ್ಪು ಕೊಡುತ್ತಾರೆ. ಗಂಜೀಫಾದಲ್ಲಿ ಅಂಕಿಯೇ ಇಲ್ಲ. “ಮೀನು ಎಣಿಸು” ಎಂದೆ. ಏಳು ಮೀನು ಎಣಿಸಿದ ಹುಡುಗ ಮುಂದಿನ ಎಲೆಯನ್ನು ತಾನಾಗಿಯೇ ಓದಿದ.

ಹೊಸ ಎಲೆ ಹುಟ್ಟಿಸುವ ಹುಚ್ಚು ನಮ್ಮ ನಾಡಿಗೆ ಹೊಸದಲ್ಲ. 1527ರಲ್ಲಿ ಬಾಬರ್ ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಕಳಿಸಿದ್ದನ್ನು ತಾನೇ ಬರೆದಿಟ್ಟಿದ್ದಾನೆ. ಆ ಆಟವನ್ನು ಎಲ್ಲರಿಗಿಂತ ದೂರ ಒಯ್ದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಚಾಮುಂಡೇಶ್ವರಿ, ನವಗ್ರಹ, ಪಂಚಪಾಂಡವ ಎಂದು ಒಂದರ ಮೇಲೊಂದು ಹೊಸ ಕಟ್ಟು ಕಟ್ಟಿಸಿದರು. ಸಾಮಾನ್ಯವಾಗಿ ಪಂಗಡವೊಂದಕ್ಕೆ ಹನ್ನೆರಡು ಎಣಿಕೆಯ ಎಲೆ, ಆರು ಚಿತ್ರದ ಎಲೆ. ಕೆಲವು ಕಟ್ಟುಗಳಲ್ಲಿ ಹದಿನೆಂಟು ಪಂಗಡ, 360 ಎಲೆ! ಜೊತೆಗೆ ಕಾಯಂ ತುರುಪು, ಜೋಕರಿನಂಥ ಎಲೆಗಳು. ಚಿತ್ರಗಳನ್ನು ನೋಡಿದರೆ ಮಾತು ನಿಲ್ಲುತ್ತದೆ. ಆದರೂ ನನ್ನ ಮಟ್ಟಿಗೆ ಆಟವಾಗಿ ಗೆಲ್ಲುವುದು ಹಳೆಯ ದಶಾವತಾರವೇ. ಅಷ್ಟೊಂದು ಎಲೆಗಳನ್ನು ಯಾರು ನೆನಪಿಡುತ್ತಾರೆ? ಒಡೆಯರ ಆಟಗಳು ಜನರ ನಡುವೆ ಬೇರೂರಲಿಲ್ಲ. ಇಂದು ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ರಘುಪತಿ ಭಟ್ಟರಂಥ ಕಲಾವಿದರು ಕುಂಚ ಹಿಡಿದು ಅದನ್ನು ಉಳಿಸಿದ್ದಾರೆ.

ಹಾಗಾದರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ಒಂದು ಕಟ್ಟು ಯಾಕೆ ಬೇಡ? ತಾಲ್ಲೂಕಿಗೊಂದು ಪಂಗಡ, ಪಂಗಡಕ್ಕೆ ಹನ್ನೆರಡು, ಒಟ್ಟು ಅರವತ್ತು ಎಲೆ. ಮೂವರಿಗೆ ಇಪ್ಪತ್ತಿಪ್ಪತ್ತು, ಐದನೇ ಕ್ಲಾಸಿನ ಮಗುವೂ ಆಡಬಹುದು.

ಗುಡೇಕೋಟೆಯ ಬಂಡೆಗಳ ನಡುವಿನ ಕರಡಿ ಕೂಡ್ಲಿಗಿಯ ಗುರುತು. ಹರಪನಹಳ್ಳಿಗೆ ಉಚ್ಚಂಗಿದುರ್ಗದ ಕೋಟೆ. ಕೊಟ್ಟೂರಿಗೆ ತೇರು ಎಂದು ಯಾರಾದರೂ ಹೇಳಿಯಾರು, ಆದರೆ ಹತ್ತು ತೇರನ್ನು ಒಂದೇ ಎಲೆಯಲ್ಲಿ ಬರೆದರೆ ಬಣ್ಣ ಮೆತ್ತಿದ ಹಾಗಾಗುತ್ತದೆ. ಎಣಿಕೆಗೆ ಗಾಲಿ ಸಾಕು. ಪೂರ್ತಿ ತೇರು ರಾಜನ ಎಲೆಯಲ್ಲಿ ಬರಲಿ. ಊರ ದೈವ ಕೊಟ್ಟೂರೇಶನನ್ನು ಮಾತ್ರ ಎಲೆಗೆ ಇಳಿಸುವುದು ಬೇಡ. ಮಕ್ಕಳ ಆಟದಲ್ಲಿ ಎಲೆ ನೆಲಕ್ಕೆ ಬೀಳುತ್ತದೆ, ಕಾಲಿಗೆ ಸಿಗುತ್ತದೆ. ಹಗರಿಬೊಮ್ಮನಹಳ್ಳಿಗೆ 2024ರಲ್ಲಿ ರಾಮ್‌ಸರ್ ಪಟ್ಟಿ ಸೇರಿದ ಅಂಕಸಮುದ್ರ ಕೆರೆಯ ಬಣ್ಣದ ಕೊಕ್ಕರೆ: ಕರಿಜಾಲಿ ಕೊಂಬೆಯ ಮೇಲೆ ನಾಲ್ಕು, ನೀರಿನಲ್ಲಿ ಮೂರು, ಹಾರುವುದು ಮೂರು. ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಹತ್ತು ಎಂದು ತಿಳಿಯಬೇಕು.

ಹಡಗಲಿಗೆ ಮಲ್ಲಿಗೆ ಇದೆ, ನಿಜ. ನಾನು ಆರಿಸುವುದು ಮೈಲಾರದ ಬಿಲ್ಲನ್ನು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ “ಸದ್ದಲೇ” ಎಂದಾಗ ಡೆಂಕನಮರಡಿಯ ಜನಸಾಗರವೇ ಉಸಿರು ಬಿಗಿಹಿಡಿಯುತ್ತದೆ. ಕಾರಣಿಕದ, ಅಂದರೆ ದೈವವಾಣಿಯ, ಒಂದು ಸಾಲು ಬಿದ್ದದ್ದೇ ತಡ, ಮಳೆಗೆ ಹೇಳಿದ್ದೋ ರಾಜಕೀಯಕ್ಕೋ ಎಂದು ಅರ್ಥ ಹಚ್ಚುವುದು ಶುರು. ಬಿಲ್ಲಿನ ತುದಿಯ ಗೊರವಯ್ಯ ರಾಜ. ಕಪ್ಪು ಕಂಬಳಿ ಹೊದ್ದು ಡಮರುಗ ಹಿಡಿದ ಗೊರವ ಮಂತ್ರಿ. ಇಡೀ ಕಟ್ಟಿನಲ್ಲಿ ಎಲ್ಲರೂ ಮೊದಲು ಹುಡುಕುವ ಎಲೆ ಇದೇ ಆದೀತು.

ನಮ್ಮ ಕಡೆ ಎಲೆ ಎಂದರೆ ಹಿರಿಯರು ಗದರುತ್ತಾರೆ. ಯುಗಾದಿಯ ಅಂದರ್-ಬಾಹರ್‌ನಲ್ಲಿ ದುಡ್ಡು ಕಳಕೊಂಡ ಮನೆಗಳನ್ನು ಕಂಡವರ ಭಯ ಅದು, ಸುಳ್ಳಲ್ಲ. ಹಣ ಕಟ್ಟದೆ ಆಡುವ ಎಲೆಯನ್ನು ಮಕ್ಕಳ ಕೈಗೆ ಕೊಡುವುದೇ ಅದಕ್ಕೆ ಉತ್ತರ.

ಐದೂ ತಾಲ್ಲೂಕಿನ ಚಿತ್ರಕಲಾ ಶಿಕ್ಷಕರಲ್ಲಿ ಒಂದು ಕೋರಿಕೆ. ದಪ್ಪ ರಟ್ಟು ದುಂಡಗೆ ಕತ್ತರಿಸಿ, ಈ ಬೇಸಿಗೆ ರಜೆಯಲ್ಲಿ ಮಕ್ಕಳಿಂದ ನಿಮ್ಮ ತಾಲ್ಲೂಕಿನ ಹನ್ನೆರಡು ಎಲೆ ಬರೆಸಿ. ಐದೂ ಕಡೆಯವು ಒಂದೆಡೆ ಸೇರಿದರೆ ಕಟ್ಟು ಸಿದ್ಧ.