ಕೊಲೆಸ್ಟ್ರಾಲ್ ಮಾತ್ರೆ ಮೇಲೇಕೆ ಮುನಿಸು?

ದಸರಾ ಅಂದ್ರೆ ನಮ್ಮ ಮೈಸೂರಿನ ಹೆಂಗಸರಿಗೆ ಮೊದಲು ನೆನಪಾಗೋದು ಜಂಬೂಸವಾರಿ ಅಲ್ಲ, ಬೊಂಬೆ ಪೆಟ್ಟಿಗೆ. 2025ರ ನವರಾತ್ರಿಯ ಹಿಂದಿನ ದಿನ ನಮ್ಮ ಮನೆಯಲ್ಲೂ ಪೆಟ್ಟಿಗೆ ಇಳಿದಿತ್ತು. ಪಟ್ಟದ ಬೊಂಬೆಗೆ ಉಡಿಸುವ ರೇಷ್ಮೆ ತುಂಡು ಇರೋದು ಅತ್ತೆಯ ಬೀರುವಿನಲ್ಲಿ. ಪ್ರತಿ ವರ್ಷ ಅವರೇ ತೆಗೆದುಕೊಡುವವರು, ಆ ಸಲ ಬಲಗೈ ಎತ್ತಲಾಗದೆ, “ನೀನೇ ತಗೋ ಕಣೇ, ಸೀರೆಗಳ ಕೆಳಗಿದೆ” ಅಂದರು. ಹೇಳಿದ ಮರುಕ್ಷಣವೇ ಅವರ ಮುಖ ಪೆಚ್ಚಾಯಿತು. ಯಾಕೆ ಅಂತ ಗೊತ್ತಾಗಿದ್ದು ರೇಷ್ಮೆ ತುಂಡಿನ ಜೊತೆಗೆ ಎರಡು ಮಾತ್ರೆ ಸ್ಟ್ರಿಪ್‌ಗಳೂ ನನ್ನ ಕಾಲ ಮೇಲೆ ಬಿದ್ದಾಗ. ಎರಡೂ ಕೊಲೆಸ್ಟ್ರಾಲ್ ಮಾತ್ರೆ. ಒಂದನ್ನೂ ಒಡೆದಿರಲಿಲ್ಲ!

ಅತ್ತೆಗೆ 64 ವರ್ಷ. 2023ರಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಆಮೇಲೆ ಮಾತ್ರೆಗಳ ಉಸ್ತುವಾರಿ ನನ್ನದೇ. ದಿನಕ್ಕೊಂದು ಖಾನೆ ಇರುವ ಡಬ್ಬಿಗೆ ಭಾನುವಾರ ಸಂಜೆ ತುಂಬಿಸಿಟ್ಟರೆ ವಾರವಿಡೀ ನಿಶ್ಚಿಂತೆ ಅಂದುಕೊಂಡಿದ್ದೆ. ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅತ್ತೆ ಸ್ಟೂಲ್ ಹತ್ತಿ ಅಟ್ಟದಿಂದ ಹಿತ್ತಾಳೆ ಕೊಳಗ ಇಳಿಸಲು ಹೋಗಿ ಜಾರಿದರು. ಕಿಟಕಿ ಸರಳು ಹಿಡಿದುಕೊಂಡರು, ಬೀಳಲಿಲ್ಲ. ಆದರೆ ಭುಜದೊಳಗೆ ಏನೋ ‘ಪಟ್’ ಅಂದಿತಂತೆ. ಎಂ.ಆರ್.ಐ. ಮಾಡಿಸಿದಾಗ ಭುಜದ ಟೆಂಡನ್ ಅರ್ಧ ಹರಿದಿದೆ ಅಂತ ಬಂತು. ಆಪರೇಷನ್ ಸದ್ಯಕ್ಕೆ ಬೇಡ, ಫಿಸಿಯೋಥೆರಪಿ ಮಾಡಿಸಿ ನೋಡೋಣ ಅಂದರು ಮೂಳೆ ಡಾಕ್ಟರು. ಅಲ್ಲಿಂದ ಜಡೆ ಹೆಣೆಯೋದು, ರವಿಕೆ ತೊಡೋದು ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕು. ಸ್ವಾಭಿಮಾನದ ಹೆಂಗಸು, ಒಳಗೊಳಗೇ ಕುಗ್ಗಿದ್ದರು.

ಅದೇ ಹೊತ್ತಿಗೆ ಭಜನಾ ಮಂಡಳಿಯಲ್ಲಿ ಯಾರೋ ಹೇಳಿದರಂತೆ, “ಕೊಲೆಸ್ಟ್ರಾಲ್ ಮಾತ್ರೆ ತಿಂದರೆ ಹರಿದ ನರ ಕೂಡಿಕೊಳ್ಳೋದೇ ಇಲ್ಲ, ನಮ್ಮ ಭಾವಮೈದುನ ಬಿಟ್ಟ ಮೇಲೇ ಸರಿಹೋಗಿದ್ದು” ಅಂತ. ಸಾಕಲ್ಲ! ಅತ್ತೆ ಡಬ್ಬಿಯಿಂದ ಆ ಒಂದು ಮಾತ್ರೆ ಮಾತ್ರ ಹೆಕ್ಕಿ ಕಸಕ್ಕೆ ಹಾಕತೊಡಗಿದ್ದರು. ನಾನು ಡಬ್ಬಿಗೆ ತುಂಬಿಸಲು ತಂದಿಟ್ಟ ಹೊಸ ಸ್ಟ್ರಿಪ್‌ಗಳು ಬೀರು ಸೇರಿದ್ದವು. ಮುಗಿದುಹೋಯಿತೇನೋ ಅಂದುಕೊಂಡು ನಾನು ಮತ್ತೆ ತರಿಸುತ್ತಿದ್ದೆ. ಪುಣ್ಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಮುಟ್ಟಿರಲಿಲ್ಲ.

ಕೋಪ ಬಂತು ಅಂತ ಬೇರೆ ಹೇಳಬೇಕಾ? ಆದರೆ ಒಂದು ಕ್ಷಣ ಯೋಚಿಸಿ, ಅತ್ತೆ ಕೇಳಿದ್ದು ಪೂರ್ತಿ ಸುಳ್ಳಾ? ಡಾಕ್ಟರ ಹತ್ತಿರ ಹೋಗೋಕೆ ಮುಂಚೆ ನಾನೂ ಒಂದಷ್ಟು ಓದಿಕೊಂಡೆ.

ಟೆಂಡನ್ ಅಂದರೆ ಸ್ನಾಯುರಜ್ಜು. ಮಾಂಸಖಂಡವನ್ನು ಮೂಳೆಗೆ ಕಟ್ಟಿಹಾಕುವ ಗಟ್ಟಿ ಹಗ್ಗ. ನಾವು ಮಾತಿಗೆ ‘ನರ’ ಅಂತೀವಿ, ನರವೇ ಬೇರೆ, ಇದೇ ಬೇರೆ. ಹಿಮ್ಮಡಿಯ ಹಿಂದೆ ಕೈಗೆ ಸಿಗುತ್ತಲ್ಲ, ಅದೇ ದೇಹದ ಅತಿ ದಪ್ಪ ಟೆಂಡನ್. ಈ ಹಗ್ಗಕ್ಕೆ ರಕ್ತದ ಓಡಾಟ ಕಡಿಮೆ. ಹಾಗಾಗಿ ಕೈ ಕುಯ್ದುಕೊಂಡ ಗಾಯ ವಾರದಲ್ಲಿ ಮಾಯ್ದರೆ ಇದಕ್ಕೆ ತಿಂಗಳುಗಟ್ಟಲೆ ಬೇಕು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ನಿಧಾನ. ಮಾತ್ರೆ ತಿನ್ನಲಿ ಬಿಡಲಿ, ನಿಧಾನ ಅದರ ಗುಣವೇ.

ಇನ್ನು ಮಾತ್ರೆ. ಸ್ಟ್ರಿಪ್ ಹಿಂದೆ ಅಟೋರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಅಂತೆಲ್ಲ ಬರೆದಿರುತ್ತೆ ನೋಡಿ, ಆ ಗುಂಪಿಗೆ ಸ್ಟ್ಯಾಟಿನ್ ಅಂತ ಹೆಸರು. ನಮ್ಮ ಪಿತ್ತಜನಕಾಂಗ ತಾನೇ ಕೊಲೆಸ್ಟ್ರಾಲ್ ತಯಾರಿಸುತ್ತೆ, ಆ ಕೆಲಸಕ್ಕೆ ಇದು ಕಡಿವಾಣ ಹಾಕುತ್ತೆ. ಇದರ ಮೂಲಪುರುಷ ಜಪಾನಿನ ವಿಜ್ಞಾನಿ ಅಕಿರಾ ಎಂಡೋ. ಆರು ಸಾವಿರಕ್ಕೂ ಹೆಚ್ಚು ಬಗೆಯ ಶಿಲೀಂಧ್ರಗಳನ್ನು ಪರೀಕ್ಷಿಸಿ 1973ರಲ್ಲಿ ಮೊದಲ ಸ್ಟ್ಯಾಟಿನ್ ಕಂಡುಹಿಡಿದರು. ಅದು ಸಿಕ್ಕಿದ್ದು ಎಲ್ಲಿ ಗೊತ್ತಾ? ಕ್ಯೋಟೋ ಊರಿನ ದಿನಸಿ ಅಂಗಡಿಯ ಅಕ್ಕಿಯಲ್ಲಿ ಬೆಳೆದಿದ್ದ ಬೂಷ್ಟಿನಲ್ಲಿ! ಮಳೆಗಾಲದಲ್ಲಿ ನಾವು ಮೂಗು ಮುರಿದು ಎಸೆಯುವ ಆ ಬೂಷ್ಟಿನ ನೆಂಟನೇ. ಎಂಡೋ 2024ರಲ್ಲಿ ತೀರಿಕೊಂಡರು.

ಟೆಂಡನ್ ವಿಷಯದಲ್ಲಿ ವಿಜ್ಞಾನಿಗಳೇ ಎರಡು ಪಂಗಡ. 2008ರಲ್ಲಿ ಫ್ರಾನ್ಸ್‌ನ ವೈದ್ಯರು, 1990ರಿಂದ 2005ರವರೆಗೆ ಸ್ಟ್ಯಾಟಿನ್ ತಿನ್ನುವವರಲ್ಲಿ ಟೆಂಡನ್ ತೊಂದರೆ ಕಾಣಿಸಿಕೊಂಡ 96 ಪ್ರಕರಣಗಳನ್ನು ಪಟ್ಟಿ ಮಾಡಿದರು. ಸುಮಾರು ಅರ್ಧದಷ್ಟು ಹಿಮ್ಮಡಿಯದೇ. 2019ರಲ್ಲಿ ಸ್ವೀಡನ್ನಿನವರು, ಈ ಮಾತ್ರೆ ತಿನ್ನುವವರಲ್ಲಿ ಭುಜ, ಹಿಮ್ಮಡಿ, ಬೆರಳುಗಳ ಟೆಂಡನ್ ನೋವು ಸ್ವಲ್ಪ ಹೆಚ್ಚು ಅಂದರು. ಪ್ರಯೋಗಾಲಯದಲ್ಲಿ ಟೆಂಡನ್ ಕಣಗಳ ಮೇಲೆ ಸ್ಟ್ಯಾಟಿನ್ ಹಾಕಿದಾಗ ಹಗ್ಗದ ಎಳೆಗಳನ್ನು ಸಡಿಲಿಸುವ ಕಿಣ್ವಗಳು ಹೆಚ್ಚಾದವಂತೆ. ಅಂದಮೇಲೆ ಭಜನಾ ಮಂಡಳಿಯ ಮಾತಿಗೂ ಒಂದೆಳೆ ಆಧಾರ ಇದೆ ಅಂತಾಯ್ತು.

ಇನ್ನೊಂದು ಪಂಗಡದ ಮಾತು ಕೇಳಿ. ಬ್ರಿಟನ್ನಿನ ರೋಗಿಗಳ ದಾಖಲೆ ತೆಗೆದು ನೋಡಿದ 2016ರ ಅಧ್ಯಯನದಲ್ಲಿ, ಸ್ಟ್ಯಾಟಿನ್‌ನಿಂದ ಟೆಂಡನ್ ಹರಿಯುವ ಅಪಾಯ ಹೆಚ್ಚಾಗಿದ್ದು ಕಾಣಲಿಲ್ಲ. 2017ರಲ್ಲಿ ಅಮೆರಿಕದಲ್ಲಿ ಭುಜದ ಟೆಂಡನ್ ಹೊಲಿಸಿಕೊಂಡವರನ್ನು ಗಮನಿಸಿದಾಗ, ಮತ್ತೆ ಆಪರೇಷನ್ ಮೇಜು ಹತ್ತಬೇಕಾಗಿ ಬಂದಿದ್ದು ಕೊಲೆಸ್ಟ್ರಾಲ್ ಜಾಸ್ತಿ ಇದ್ದವರೇ ಹೆಚ್ಚು. ಸ್ಟ್ಯಾಟಿನ್ ತಿನ್ನುತ್ತಿದ್ದವರಲ್ಲಿ ಆ ಅಪಾಯ ಕಡಿಮೆಯಾಗಿತ್ತು! ಕಾರಣ, ಕೊಲೆಸ್ಟ್ರಾಲ್ ರಕ್ತನಾಳದಲ್ಲಿ ಮಾತ್ರ ಕೂರೋದಿಲ್ಲ, ಟೆಂಡನ್‌ನೊಳಗೂ ಹೋಗಿ ಕೂತು ಅದನ್ನು ಬಿರುಸಾಗಿಸುತ್ತೆ. ವಂಶಪಾರಂಪರ್ಯವಾಗಿ ಕೊಲೆಸ್ಟ್ರಾಲ್ ವಿಪರೀತ ಇರುವವರ ಹಿಮ್ಮಡಿಯ ಹಿಂದೆ ಗಂಟು ಗಂಟಾಗಿ ಊದಿಕೊಳ್ಳೋದೂ ಇದರಿಂದಲೇ. ಅಂದರೆ ಟೆಂಡನ್ ಉಳಿಸಲು ಮಾತ್ರೆ ಬಿಟ್ಟರೆ ಅದೇ ಟೆಂಡನ್‌ಗೆ ಪೆಟ್ಟು ಬೀಳಬಹುದು. ನನಗಂತೂ ಇದು ಹೊಸ ವಿಷಯ.

ಮಾಂಸಖಂಡದ ನೋವಿನ ಕಥೆ ಇನ್ನೂ ಸ್ವಾರಸ್ಯ. ಅಡ್ಡಪರಿಣಾಮ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಲಂಡನ್ನಿನ ವೈದ್ಯರು ಒಂದು ವರ್ಷ ಬೇರೆ ಬೇರೆ ಬಾಟಲಿ ಕೊಟ್ಟರು. ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಅದರಂತೆಯೇ ಕಾಣುವ ಹುಸಿ ಮಾತ್ರೆ, ಕೆಲವು ತಿಂಗಳು ಬರೀ ಖಾಲಿ ಬಾಟಲಿ. 2020ರಲ್ಲಿ ಫಲಿತಾಂಶ ಬಂತು. ಮಾತ್ರೆಯಿಂದ ಆಯಿತು ಅಂದುಕೊಂಡ ತೊಂದರೆಯ ಶೇ 90ರಷ್ಟು ಹುಸಿ ಮಾತ್ರೆ ತಿಂದಾಗಲೂ ಇತ್ತು! ನೋವು ಸುಳ್ಳು ಅಂತಲ್ಲ, ನೋವು ನಿಜವೇ. ಆದರೆ ತಪ್ಪು ಹೊರಿಸಿದ್ದು ಮಾತ್ರೆಯ ತಲೆಗೆ. ಇದು ಟೆಂಡನ್‌ನದಲ್ಲ, ಮೈಕೈ ನೋವಿನ ವಿಷಯ ಅನ್ನೋದು ನೆನಪಿರಲಿ.

<b>ಡಾಕ್ಟರು ಕೇಳಿದ ಪ್ರಶ್ನೆ</b>

ಮಾರನೇ ದಿನವೇ ಹೃದಯದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ, ಅವರು ಬೈಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ಮೊದಲು 62 ಇದ್ದ ಕೆಟ್ಟ ಕೊಲೆಸ್ಟ್ರಾಲ್ ಆರು ವಾರದಲ್ಲಿ 131ಕ್ಕೆ ಏರಿತ್ತು. ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು 70ಕ್ಕಿಂತ, ಈಗೀಗ 55ಕ್ಕಿಂತಲೂ ಕೆಳಗಿರಲಿ ಅನ್ನುತ್ತಾರೆ. “ಈ ಮಾತ್ರೆ ನಂಬರ್ ಇಳಿಸೋದಷ್ಟೇ ಅಲ್ಲಮ್ಮ, ರಕ್ತನಾಳದ ಗೋಡೆಗೆ ಮೆತ್ತಿರೋ ಕೊಬ್ಬು ಒಡೆದುಹೋಗದ ಹಾಗೆ ಹಿಡಿದಿಡುತ್ತೆ. ಅದು ಒಡೆದರೇ ಹಾರ್ಟ್ ಅಟ್ಯಾಕು. ಭುಜ ನೋವಾದರೆ ಕೈ ಎತ್ತೋಕೆ ಆಗಲ್ಲ, ಅದಾದರೆ...” ಅಂತ ನಿಲ್ಲಿಸಿದರು. ಅತ್ತೆ ತಲೆ ತಗ್ಗಿಸಿದರು.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು. “ಈ ನಡುವೆ ಉರಿಮೂತ್ರಕ್ಕೋ, ಭೇದಿಗೋ ಸಿಪ್ರೋಫ್ಲಾಕ್ಸಾಸಿನ್ ಅಥವಾ ಲಿವೋಫ್ಲಾಕ್ಸಾಸಿನ್ ತಗೊಂಡಿದ್ರಾ?” ಅತ್ತೆ ಮೆಲ್ಲಗೆ ಹೂಂ ಅಂದರು. ಆಷಾಢದಲ್ಲಿ ಉರಿಮೂತ್ರ ಆಗಿತ್ತಂತೆ. ಹೇಳಿಕೊಳ್ಳಲು ಸಂಕೋಚ. ಇವರಿಗೆ ಹಿಂದೆಂದೋ ಬರೆದುಕೊಟ್ಟು ಉಳಿದಿದ್ದ ಮಾತ್ರೆಗಳನ್ನೇ ಔಷಧಿ ಡಬ್ಬದಿಂದ ತೆಗೆದು ನುಂಗಿದ್ದರು. ಆ ಡಬ್ಬದ ಯಜಮಾನಿ ನಾನೇ, ನನ್ನ ತಪ್ಪೂ ಇದೆ ಬಿಡಿ.

ಈ ಗುಂಪಿನ ಆ್ಯಂಟಿಬಯಾಟಿಕ್‌ಗಳಿಂದ ಟೆಂಡನ್ ಊದಬಹುದು, ಹರಿಯಲೂಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಲು ಹೇಳಿದೆ. 60 ದಾಟಿದವರಿಗೆ, ಜೊತೆಗೆ ಸ್ಟಿರಾಯ್ಡ್ ತಿನ್ನುವವರಿಗೆ ಅಪಾಯ ಜಾಸ್ತಿ. ಮಾತ್ರೆ ನಿಲ್ಲಿಸಿ ತಿಂಗಳುಗಳಾದ ಮೇಲೂ ತೊಂದರೆ ಕಾಣಿಸಬಹುದು. ಅತ್ತೆಯ ಭುಜಕ್ಕೆ ಅದೇ ಕಾರಣ ಅಂತ ಡಾಕ್ಟರು ಹೇಳಲಿಲ್ಲ, ಸ್ಟೂಲಿನಿಂದ ಜಾರಿದ್ದಂತೂ ಕಣ್ಣೆದುರೇ ಇತ್ತಲ್ಲ. ಆದರೆ ಕೊಲೆಸ್ಟ್ರಾಲ್ ಮಾತ್ರೆಯನ್ನು ಬೀರುವಿನಲ್ಲಿ ಬಚ್ಚಿಟ್ಟವರು, ಎಚ್ಚರಿಕೆ ಇರುವ ಮಾತ್ರೆಯನ್ನು ಯಾರನ್ನೂ ಕೇಳದೆ ನುಂಗಿದ್ದರು ನೋಡಿ!

ನಿಮ್ಮ ಮನೆಯಲ್ಲೂ ಈ ಮಾತ್ರೆ ತಿನ್ನುವವರು ಇರಬಹುದು. 2025ರ ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ, ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವ ಮುಂಚೆಯೇ ಜನ ಸಾಲು ನಿಂತಿದ್ದು ನೆನಪಿದೆಯಲ್ಲ? ಆಗ ಪರೀಕ್ಷೆ ಮಾಡಿಸಿ ಮಾತ್ರೆ ಶುರುಮಾಡಿದವರು ನಮ್ಮ ಬೀದಿಯಲ್ಲೇ ನಾಲ್ಕು ಜನ. ಅವರಲ್ಲಿ ಇಬ್ಬರು ‘ಮೈಕೈ ನೋವು’ ಅಂತ ಬಿಟ್ಟಿದ್ದಾರೆ, ಡಾಕ್ಟರಿಗೆ ಹೇಳಿಲ್ಲ.

ನೋವು ಬಂದರೆ ಸುಮ್ಮನಿರಿ ಅಂತ ನಾನು ಹೇಳ್ತಿಲ್ಲ. ಮೊದಲು ನೋವು ಎಲ್ಲಿ ಅಂತ ಗಮನಿಸಿ. ಮಾತ್ರೆಯಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ತೊಡೆ, ಎರಡೂ ಮೀನಖಂಡದಲ್ಲಿ ಒಟ್ಟಿಗೆ ಬರುತ್ತೆ, ಮಾತ್ರೆ ಶುರುಮಾಡಿದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ. ಒಂದೇ ಭುಜ, ಒಂದೇ ಹಿಮ್ಮಡಿಯಲ್ಲಿ ಬೆರಳಿಟ್ಟು ತೋರಿಸುವಂಥ ನೋವಾದರೆ ಅದು ಟೆಂಡನ್‌ನದು ಇರಬಹುದು. ವಿಪರೀತ ನಿಶ್ಶಕ್ತಿಯ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ. ಅಪರೂಪ, ಆದರೆ ಅದು ಸ್ನಾಯು ಕರಗುವ ಲಕ್ಷಣ. ಹೆಂಗಸರು ಥೈರಾಯ್ಡ್ ಪರೀಕ್ಷೆ ಮರೆಯಬೇಡಿ. ಥೈರಾಯ್ಡ್ ಕಡಿಮೆಯಾದರೆ ಕೊಲೆಸ್ಟ್ರಾಲ್ ತಾನಾಗೇ ಏರುತ್ತೆ, ಮೈಕೈ ನೋವೂ ಬರುತ್ತೆ.

ಡಾಕ್ಟರಿಗೆ ಬಾಯಿಬಿಟ್ಟು ಹೇಳಿದರೆ ದಾರಿಗಳಿವೆ. ಡೋಸ್ ಇಳಿಸಬಹುದು, ಇನ್ನೊಂದು ಸ್ಟ್ಯಾಟಿನ್‌ಗೆ ಬದಲಿಸಬಹುದು, ಎಜೆಟಿಮೈಬ್ ಅನ್ನೋ ಬೇರೆ ಜಾತಿಯ ಮಾತ್ರೆ ಜೊತೆಗೆ ಸೇರಿಸಬಹುದು. ಟೆಂಡನ್ ಆಪರೇಷನ್ ಇದ್ದರೆ ಮೂಳೆ ಡಾಕ್ಟರು ಮತ್ತು ಹೃದಯದ ಡಾಕ್ಟರು ಪರಸ್ಪರ ಮಾತಾಡಿಕೊಳ್ಳಲಿ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸೋದು ನಮ್ಮ ಕೆಲಸ. ನಾನೀಗ ಎಲ್ಲಾ ಚೀಟಿ, ಖಾಲಿ ಸ್ಟ್ರಿಪ್ ಸಮೇತ ಒಂದು ಫೈಲಿಗೆ ಹಾಕಿದ್ದೇನೆ. ಉಳಿದುಹೋದ ಹಳೇ ಮಾತ್ರೆಗಳೆಲ್ಲ ಮನೆಯಿಂದ ಆಚೆ ಹೋದವು.

ಅತ್ತೆಗೆ ಮಾತ್ರೆ ಮತ್ತೆ ಶುರುವಾಯಿತು, ಬೇರೆ ಸ್ಟ್ಯಾಟಿನ್, ರಾತ್ರಿ ಊಟದ ನಂತರ. ಈಗ ಡಬ್ಬಿ ತುಂಬಿಸೋದು ಅವರೇ, ನಾನು ಎದುರು ಕೂತು ನೋಡೋದು. ಜೊತೆಗೆ ದಿನಕ್ಕೆ ಮೂರು ಸಲ ವ್ಯಾಯಾಮ. ಗೋಡೆ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸಬೇಕು. ಎಷ್ಟು ಎತ್ತರ ಮುಟ್ಟಿದರು ಅಂತ ನಮ್ಮ ಹುಡುಗಿ ಅಡುಗೆಮನೆ ಗೋಡೆಗೆ ಪೆನ್ಸಿಲ್ ಗುರುತು ಹಾಕುತ್ತಾಳೆ. ಇವರು “ಪೇಂಟ್ ಹಾಳಾಯ್ತು” ಅಂತ ಗೊಣಗಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಕ್ರಾಂತಿ ಹೊತ್ತಿಗೆ ಗುರುತು ಸ್ವಿಚ್ ಬೋರ್ಡ್ ದಾಟಿತ್ತು, ಜಡೆ ಅವರೇ ಹೆಣೆದುಕೊಳ್ಳುತ್ತಿದ್ದರು. ಮೇಲಿನ ಕಪಾಟಿನಿಂದ ಎಳ್ಳಿನ ಡಬ್ಬ ಇಳಿಸೋಕೆ ಮಾತ್ರ ಇನ್ನೂ ನನ್ನನ್ನೇ ಕೂಗುತ್ತಾರೆ. ಸ್ಟೂಲ್ ಮಹಡಿ ಮೇಲೆ, ಬೀಗ ಹಾಕಿದ ಕೋಣೆಯಲ್ಲಿದೆ.