ಉರಿಯನ್ನು ತಡೆಯುವ ತಂತಿಬಲೆ

ಕನ್ನಡದ ಮೇಷ್ಟರಿಗೆ ಮೋಟಾರಿನ ಮಾತೇಕೆ ಎಂದು ನೀವು ಕೇಳಬಹುದು. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕಷ್ಟೆ. ಆ ಸಲುವಾಗಿ ನನ್ನ ಹಳೆಯ ಕಾರನ್ನು ಯಶವಂತಪುರದ ಒಂದು ಗ್ಯಾರೇಜಿಗೆ ಒಯ್ದಿದ್ದೆ. ಅಲ್ಲಿನ ಮೆಕ್ಯಾನಿಕ್ ರಬ್ಬರು ಕೊಳವೆಯೊಂದರಿಂದ ಮಸಿ ಹಿಡಿದ ತಂತಿಬಲೆಯನ್ನು ಹೊರಗೆಳೆದು, “ಇದು ಬೇಡ ಸಾರ್, ಬರೀ ಅಡ್ಡ” ಎಂದು ಡಬ್ಬಿಗೆ ಎಸೆದ. ನಾನೂ ತಲೆಯಾಡಿಸಿದೆ. ವಾರ ಕಳೆಯುವುದರೊಳಗೆ, ಹೆಬ್ಬಾಳದ ಮೇಲ್ಸೇತುವೆ ಏರುವಾಗ ಕಾರ್ಬ್ಯುರೇಟರಿನಲ್ಲಿ ‘ಢಂ’ ಎಂದು ಸದ್ದಾಯಿತು. ಪುಣ್ಯವಶಾತ್ ಅನಾಹುತವಾಗಲಿಲ್ಲ. ಆ ಬಲೆ ಏಕಿತ್ತೆಂದು ನಾನು ಅರಿತದ್ದು ಆಮೇಲೆ.

ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಅನಿಲದಲ್ಲಿ ಒಂದಿಷ್ಟು, ಪಿಸ್ಟನ್ ರಿಂಗುಗಳ ಸಂದಿನಲ್ಲಿ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದರೊಡನೆ ಉರಿಯದ ಪೆಟ್ರೋಲಿನ ಆವಿಯೂ ನೀರಾವಿಯೂ ಸೇರಿರುತ್ತವೆ. ರಿಂಗುಗಳು ಸವೆದಷ್ಟೂ ಈ ಸೋರಿಕೆ ಹೆಚ್ಚು. ಹೊರದಾರಿಯಿಲ್ಲದಿದ್ದರೆ ಒಳಗೆ ಒತ್ತಡವೇರಿ ಸೀಲುಗಳ ಬಳಿ ಎಣ್ಣೆ ಒಸರುತ್ತದೆ. ಒಳಗಿನ ಎಣ್ಣೆ ಕೆಟ್ಟು ಕೆಸರಾಗುತ್ತದೆ.

ಹಿಂದೆ ಈ ಹೊಗೆಯನ್ನು ಕೊಳವೆಯ ಮೂಲಕ ನೇರವಾಗಿ ರಸ್ತೆಗೇ ಬಿಡುತ್ತಿದ್ದರು. ಅದು ಊರಿನ ಗಾಳಿಯನ್ನು ಕೆಡಿಸುವುದೆಂದು ತಿಳಿದಮೇಲೆ, ಕ್ಯಾಲಿಫೋರ್ನಿಯದಲ್ಲಿ 1961ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು, ಅದನ್ನು ಮತ್ತೆ ಎಂಜಿನ್ನಿಗೇ ಊಡಿ ಸುಡುವ ಏರ್ಪಾಡು ಬಳಕೆಗೆ ಬಂದಿತು. ಆದರೆ ಹೋಗುವ ದಾರಿ ಬರುವ ದಾರಿಯೂ ಹೌದು. ಕಿಡಿ ಹಾರುವ ಹೊತ್ತು ತಪ್ಪಿದರೆ, ವಾಲ್ವು ಸರಿಯಾಗಿ ಮುಚ್ಚದಿದ್ದರೆ, ಉರಿಯು ಕಾರ್ಬ್ಯುರೇಟರಿನತ್ತ ಹಿಮ್ಮರಳುತ್ತದೆ. ಅದು ಕೊಳವೆ ಹಿಡಿದು ಕ್ರ್ಯಾಂಕ್‌ಕೇಸಿನ ಆವಿಯನ್ನು ಮುಟ್ಟಿದರೆ ಎಂಜಿನ್ನೇ ಸಿಡಿಯಬಹುದು.

ಇದನ್ನು ತಡೆಯಲು ಕಾರಿನ ಮಾದರಿಗೆ ತಕ್ಕಂತೆ ಒಂದೋ ಎರಡೋ ಕಾವಲುಂಟು. ಮೊದಲನೆಯದು ಪಿ.ಸಿ.ವಿ. ವಾಲ್ವು, ಹೊಗೆಯನ್ನು ಅಳತೆಯರಿತು ಬಿಡುವ ಇದು, ಒತ್ತಡ ಹಿಮ್ಮರಳಿದೊಡನೆ ಮುಚ್ಚಿಕೊಳ್ಳುತ್ತದೆ. ಎರಡನೆಯದೇ ಆ ತಂತಿಬಲೆ. ಅದರ ತತ್ತ್ವ ಹಳೆಯದು. 1815ರಲ್ಲಿ ಹಂಫ್ರಿ ಡೇವಿ ಕಲ್ಲಿದ್ದಲ ಗಣಿಯ ಕೆಲಸಗಾರರಿಗಾಗಿ ದೀಪದ ಸುತ್ತ ತಂತಿಯ ಜಾಲರಿ ಕಟ್ಟಿದನು. ಗಾಳಿ ಅದರ ಕಣ್ಣುಗಳಲ್ಲಿ ಹಾಯುತ್ತದೆ. ಶಾಖವನ್ನು ಲೋಹ ಹೀರಿಕೊಳ್ಳುವುದರಿಂದ ಉರಿ ಮಾತ್ರ ಆಚೆಗೆ ದಾಟದು.

ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಸಿ ಕಟ್ಟಿದ ಬಲೆ ಹೊಗೆಗೆ ಅಡ್ಡವೇ. ಆದರೆ ಅದಕ್ಕೆ ಮದ್ದು ತೊಳೆಯುವುದು, ಎಸೆಯುವುದಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಇದ್ದಲ್ಲೇ ಇಡಬೇಕು. ವಾಲ್ವನ್ನು ಕಳಚಿ ಅಲುಗಿಸಿದರೆ ಒಳಗೆ ಕಟಕಟ ಸದ್ದಾಗಬೇಕು. ಆಗದಿದ್ದರೆ ಬದಲಿಸುವುದು ಲೇಸು.

ಡಬ್ಬಿಯಲ್ಲಿ ಹುಡುಕಿಸಿ ಆ ಬಲೆಯನ್ನು ಮತ್ತೆ ಹಾಕಿಸಿದೆ. ಹಳೆಯ ಗ್ರಂಥದಲ್ಲಿ ಅರ್ಥವಾಗದ ಪದವನ್ನು ಪ್ರಕ್ಷಿಪ್ತವೆಂದು ಹೊಡೆದುಹಾಕುವ ಮುನ್ನ ನಾಲ್ಕು ಪ್ರತಿ ನೋಡಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನು. ಕಾರಿನ ವಿಷಯದಲ್ಲಿ ಆ ಪಾಠವನ್ನು ನಾನೇ ಮರೆತಿದ್ದೆ.